ದಿನ ಎಣಿಸಿದವರು

ಮೀನಿನ ಬಗ್ಗೆ ಬರೀತೀನಿ ಅಂದಾಗ ನನ್ನಾಕೆ "ಇನ್ನೂ ಅದನ್ನ ಬಿಟ್ಟಿಲ್ವಾ ನೀವು?" ಅಂದಳು. ಬಿಟ್ಟಿಲ್ಲ. 2020ರ ಜನವರಿಯಲ್ಲಿ ನಮ್ಮ ಮನೆಯ ಟ್ಯಾಂಕಿನಲ್ಲಿ ನಡೆದದ್ದನ್ನು ಒಮ್ಮೆ ಬರೆದು ಹಗುರಾಗಬೇಕು ಅಂತ ಬಹಳ ದಿನಗಳಿಂದ ಇತ್ತು. ಆದರೆ ಓದುತ್ತಾ ಹೋದ ಹಾಗೆ ಇದು ನನ್ನೊಬ್ಬನ ಕಥೆಯಲ್ಲ, ಇದರ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ ಅಂತ ಗೊತ್ತಾಯಿತು. ಹಾಗಾಗಿ ಬರಹ ಸ್ವಲ್ಪ ಉದ್ದವಾಗಿದೆ. ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿರುವುದು ಉಪ್ಪುನೀರಿನ ಟ್ಯಾಂಕ್, 250 ಲೀಟರಿನದು. ಬೆಂಗಳೂರಿಗೆ ಸಮುದ್ರ ಎಲ್ಲಿಂದ ಬರಬೇಕು? ಪ್ಯಾಕೆಟ್ಟಿನಲ್ಲಿ ಬರುವ ಸಮುದ್ರದ ಉಪ್ಪನ್ನು ಶುದ್ಧ ನೀರಿಗೆ ಬೆರೆಸಿ, ತೂಕ ನೋಡಿ, ನಾವೇ ಸಮುದ್ರ ಮಾಡಿಕೊಳ್ಳಬೇಕು. ಒಂದು ಲೀಟರಿಗೆ ಸುಮಾರು 35 ಗ್ರಾಂ. ಅದರಲ್ಲಿ ಐದು ವರ್ಷದಿಂದ ಐದು ಮೀನುಗಳಿದ್ದವು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿಯ ಎರಡು ಕ್ಲೌನ್ ಮೀನುಗಳಿಗೆ ಮಗಳು ಗುಂಡ, ಗುಂಡಿ ಅಂತ ಹೆಸರಿಟ್ಟಿದ್ದಳು. 2019ರ ಡಿಸೆಂಬರ್ 22, ಭಾನುವಾರ. ಅಂಗಡಿಯೊಂದರಲ್ಲಿ ನೀಲಿ ಟ್ಯಾಂಗ್ ಮರಿ ಕಂಡಿತು. ಚುರುಕಾಗಿತ್ತು, ಮೈಮೇಲೆ ಒಂದು ಗೀರಿಲ್ಲ, ಅಂಗಡಿಯವರು ಹಾಕಿದ ಆಹಾರವನ್ನು ಗಬಗಬ ತಿಂದಿತು. ಮನೆಗೆ ತಂದು, ಚೀಲವನ್ನು ಅರ್ಧ ಗಂಟೆ ತೇಲಿಸಿ, ನೇರ ಟ್ಯಾಂಕಿಗೆ ಬಿಟ್ಟೆ. ಹೊಸ ಮೀನನ್ನು ಕೆಲವು ವಾರ ಬೇರೆ ಇಡಬೇಕು ಅಂತ ಓದಿದ್ದೆ. "ನೋಡಿದ್ರೆ ಗೊತ್ತಾಗಲ್ವಾ, ಎಷ್ಟು ಚೆನ್ನಾಗಿದೆ" ಅಂತ ಅನ್ನಿಸಿತ್ತು.

ಹನ್ನೊಂದನೇ ದಿನ ಅದರ ರೆಕ್ಕೆಯ ಮೇಲೆ ನಾಲ್ಕೈದು ಬಿಳಿ ಚುಕ್ಕೆ, ಸಣ್ಣ ರವೆ ಅಂಟಿಕೊಂಡ ಹಾಗೆ. ಮಗಳು ಮೊದಲು ನೋಡಿದವಳು. ಮತ್ತೆ ನಾಲ್ಕು ದಿನಕ್ಕೆ ಚುಕ್ಕೆಗಳೆಲ್ಲ ಮಾಯ! "ನೋಡು ಪುಟ್ಟಿ, ತಾನಾಗೇ ವಾಸಿ ಆಯ್ತು" ಅಂದೆ. ಈ ಮಾತು ಇವತ್ತಿಗೂ ಚುಚ್ಚುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಎಲ್ಲ ಮೀನುಗಳ ಮೇಲೂ ರವೆ ಚೆಲ್ಲಿದಂತಾಗಿತ್ತು. 18ನೇ ತಾರೀಖು ಬೆಳಗಾಗುವಷ್ಟರಲ್ಲಿ ಆರು ಮೀನುಗಳಲ್ಲಿ ಉಳಿದದ್ದು ಒಂದು, ಗುಂಡ.

ಚುಕ್ಕೆ ಮಾಯವಾದದ್ದು ವಾಸಿಯಾಗಿ ಅಲ್ಲ, ಹಣ್ಣಾಗಿ ಉದುರಿದ್ದು. ಈ ಒಂದು ವಾಕ್ಯ ಮನುಷ್ಯರಿಗೆ ಗೊತ್ತಾಗಲು ಎಷ್ಟು ಕಾಲ ಹಿಡಿಯಿತು ಅನ್ನುವುದೇ ಈ ಚರಿತ್ರೆ.

ಸಮುದ್ರದ ಜೀವಿಗಳನ್ನು ಮನೆಯೊಳಗೆ ಸಾಕುವ ಹುಚ್ಚು ಶುರುವಾಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕೀ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದು ಬದುಕಿಸಿಕೊಂಡರು. ಆಗ ಪಂಪ್ ಎಲ್ಲಿತ್ತು? ಮನೆಗೆಲಸದವಳು ತೆರೆದ ಕಿಟಕಿಯ ಪಕ್ಕ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಾವು ಕಾಫಿ ಆರಿಸುವ ಹಾಗೆ, ಎತ್ತಿ ಎತ್ತಿ ಸುರಿಯುತ್ತಿದ್ದಳಂತೆ, ಗಾಳಿ ಬೆರೆಯಲಿ ಅಂತ. (ಚರಿತ್ರೆಯಲ್ಲಿ ಆ ಕೆಲಸದವಳ ಹೆಸರು ಕಾಣುವುದಿಲ್ಲ, ಗಮನಿಸಿ.) 1853ರ ಮೇನಲ್ಲಿ ಲಂಡನ್ ಮೃಗಾಲಯ ಮೀನಿನ ಮನೆಯೊಂದನ್ನು ಜನರಿಗೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಪದ ಮನೆಮಾತಾಯಿತು. ಉಪ್ಪು ಬೆರೆಸಿ ಸಮುದ್ರದ ನೀರು ಮಾಡಿಕೊಳ್ಳುವ ಪಾಕವನ್ನೂ ಗಾಸ್ ಅದೇ 1854ರಲ್ಲಿ ಪ್ರಕಟಿಸಿದರು.

ಆ ಕಾಲದವರ ಚಿಂತೆಯೆಲ್ಲ ನೀರಿನದ್ದು. ನೀರು ಕೆಡುತ್ತಿತ್ತು, ನಾರುತ್ತಿತ್ತು, ಮೀನು ಸಾಯುತ್ತಿತ್ತು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಅಕ್ವೇರಿಯಂ ಕಟ್ಟಿದಾಗ ವಿಲಿಯಂ ಆಲ್ಫರ್ಡ್ ಲಾಯ್ಡ್ ಒಂದು ಉಪಾಯ ಮಾಡಿದರು. ಪ್ರದರ್ಶನದ ತೊಟ್ಟಿಗಳಿಗಿಂತ ದೊಡ್ಡ ಸಂಗ್ರಹವನ್ನು ಕೆಳಗೆ ಕತ್ತಲಲ್ಲಿಟ್ಟು, ಅದೇ ನೀರನ್ನು ಎಲ್ಲ ತೊಟ್ಟಿಗಳಿಗೂ ಸುತ್ತಿಸುವುದು. ನೀರು ತಿಳಿಯಾಯಿತು, ಮೀನುಗಳು ಬಾಳಿದವು. ಇವತ್ತಿಗೂ ಅಂಗಡಿಗಳಲ್ಲಿ, ದೊಡ್ಡ ಅಕ್ವೇರಿಯಂಗಳಲ್ಲಿ ಇದೇ ಏರ್ಪಾಡು. ಆದರೆ ಯೋಚನೆ ಮಾಡಿ, ಎಲ್ಲ ತೊಟ್ಟಿಗೂ ಒಂದೇ ನೀರು ಅಂದರೆ ಒಂದು ತೊಟ್ಟಿಯ ರೋಗ ಎಲ್ಲ ತೊಟ್ಟಿಗೂ ಹೋಗಲು ರಾಜಮಾರ್ಗ! ನನಗನ್ನಿಸುವುದು ಇಷ್ಟು. ನೀರು ಕೆಟ್ಟು ಮೀನು ಸಾಯುತ್ತಿದ್ದಷ್ಟು ದಿನ ರೋಗ ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ. ನೀರಿನ ಸಮಸ್ಯೆ ಬಗೆಹರಿದ ಮೇಲೇ, "ನೀರು ಸರಿಯಾಗಿದೆಯಲ್ಲ, ಆದರೂ ಯಾಕೆ ಸತ್ತವು?" ಎಂಬ ಪ್ರಶ್ನೆ ಹುಟ್ಟಿದ್ದು.

ಆ ಪ್ರಶ್ನೆಗೆ ಉತ್ತರವೂ ಲಂಡನ್ ಮೃಗಾಲಯದಿಂದಲೇ ಬಂತು. ಅಲ್ಲಿ 1924ರಲ್ಲಿ ದೊಡ್ಡ ಹೊಸ ಅಕ್ವೇರಿಯಂ ತೆರೆದಿದ್ದರು (ಅದು 2019ರಲ್ಲಿ ಮುಚ್ಚಿತು). ಬಿಸಿ ಸಮುದ್ರಗಳ ಬಣ್ಣಬಣ್ಣದ ಮೀನುಗಳು ಅಲ್ಲಿ ಒಂದೇ ಚಾವಣಿಯಡಿ ಸೇರಿದವು. ಸಾಂಕ್ರಾಮಿಕವೂ ಬಂತು. ಸತ್ತ ಮೀನುಗಳ ಕಿವಿರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಇ. ಎಂ. ಬ್ರೌನ್ 1931ರಲ್ಲಿ ಒಂದು ಹೊಸ ಪರೋಪಜೀವಿಯನ್ನು ವರ್ಣಿಸಿದರು. ಇವತ್ತು ಅದರ ಹೆಸರು ಅಮೈಲೋಊಡಿನಿಯಂ. ಮೀನು ಸಾಕುವವರು ವೆಲ್ವೆಟ್ ರೋಗ ಅನ್ನುತ್ತಾರೆ. ಮೈಮೇಲೆ ಏನೂ ಕಾಣಿಸದೆ, ಬರೀ ಕಿವಿರಿನಲ್ಲೇ ಕೂತು, ಮೀನು ಏದುಸಿರು ಬಿಡುತ್ತಾ ಸಾಯುವಂತೆ ಮಾಡಬಲ್ಲದು. ಇಪ್ಪತ್ತು ವರ್ಷದ ನಂತರ, 1951ರಲ್ಲಿ, ನಮ್ಮ ಮನೆಗೆ ಬಂದ ಬಿಳಿಚುಕ್ಕೆಯ ಜೀವಿಗೂ ಹೆಸರಿಟ್ಟವರು ಇದೇ ಬ್ರೌನ್. ಹೆಸರು ಕ್ರಿಪ್ಟೋಕೇರಿಯಾನ್ ಇರಿಟಾನ್ಸ್. ಜಪಾನಿನಲ್ಲಿ ಸಿಕಾಮಾ ಎಂಬ ವಿಜ್ಞಾನಿ ಈ ರೋಗದ ಬಗ್ಗೆ 1937ರಲ್ಲೇ ಬರೆದಿದ್ದರು, ಆದರೆ ನಿಂತದ್ದು ಬ್ರೌನ್ ಇಟ್ಟ ಹೆಸರು. ಕ್ರಿಪ್ಟೋಕೇರಿಯಾನ್ ಅಂದರೆ ಗ್ರೀಕಿನಲ್ಲಿ 'ಅಡಗಿದ ಕೋಶಕೇಂದ್ರ'. ಆ ಪ್ರಾಣಿಯ ಸ್ವಭಾವಕ್ಕೂ ಒಪ್ಪುವ ಹೆಸರು, ಮುಂದೆ ನೋಡಿ.

ಈ ಕೆಲಸ ಅಟ್ಲಾಂಟಿಕ್ ಆಚೆಗೂ ನಡೆಯುತ್ತಿತ್ತು. ನ್ಯೂಯಾರ್ಕ್ ಅಕ್ವೇರಿಯಂನಲ್ಲಿ ರಾಸ್ ನಿಗ್ರೆಲ್ಲಿ 1936ರಲ್ಲಿ ವೆಲ್ವೆಟ್ ಜೀವಿಯ ಇಡೀ ಜೀವನಚಕ್ರವನ್ನು ಬಿಡಿಸಿಟ್ಟರು. ಆ ಅಕ್ವೇರಿಯಂ ಇದ್ದ ಕಟ್ಟಡದ ಕಥೆ ನನಗೆ ಬಹಳ ಹಿಡಿಸಿತು. ಅದು ಮ್ಯಾನ್‌ಹಟನ್ನಿನ ತುದಿಯ ಹಳೆಯ ಕೋಟೆ, ಕ್ಯಾಸಲ್ ಗಾರ್ಡನ್. 1855ರಿಂದ 1890ರವರೆಗೆ ಯೂರೋಪಿನಿಂದ ಹಡಗಿನಲ್ಲಿ ಬಂದ ಲಕ್ಷಾಂತರ ವಲಸಿಗರನ್ನು ಇಳಿಸಿಕೊಂಡು, ಹೆಸರು ಬರೆದುಕೊಂಡು ಒಳಗೆ ಬಿಡುತ್ತಿದ್ದ ಜಾಗ. 1896ರಿಂದ 1941ರವರೆಗೆ ಅದೇ ಗೋಡೆಗಳೊಳಗೆ ಮೀನುಗಳು. ಮೊದಲು ಮನುಷ್ಯರು, ಆಮೇಲೆ ಮೀನುಗಳು, ದೂರದಿಂದ ಬಂದು ಇಳಿದದ್ದು ಒಂದೇ ಬಾಗಿಲಲ್ಲಿ. ಮುಂದೆ ಅಕ್ವೇರಿಯಂ ಕೋನಿ ದ್ವೀಪಕ್ಕೆ ಹೋದ ಮೇಲೆ, 1966ರಲ್ಲಿ, ನಿಗ್ರೆಲ್ಲಿ ಮತ್ತು ರುಗ್ಗಿಯೇರಿ ತಮ್ಮ ತೊಟ್ಟಿಗಳಲ್ಲಿ ಬಿಳಿಚುಕ್ಕೆಯ ಹಾವಳಿಯನ್ನೂ ವರದಿ ಮಾಡಿದರು. ನುರಿತವರ ಕೈಯಲ್ಲೂ ರೋಗ ನುಗ್ಗಿತ್ತು ಅಂತ ಓದಿದಾಗ ಸ್ವಲ್ಪ ಸಮಾಧಾನವಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಇಷ್ಟರಲ್ಲಿ ಔಷಧಿಯೂ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ರಾಬರ್ಟ್ ಡೆಂಪ್‌ಸ್ಟರ್ 1955ರಲ್ಲಿ ವೆಲ್ವೆಟ್ ರೋಗಕ್ಕೆ ಕಾಪರ್ ಸಲ್ಫೇಟ್ ಬಳಸುವ ಬಗ್ಗೆ ಬರೆದರು. ಕಾಪರ್ ಸಲ್ಫೇಟ್ ಅಂದರೆ ಏನು ಗೊತ್ತಲ್ಲ? ನಮ್ಮ ಮೈಲುತುತ್ತ! ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೆ. ಕೊಪ್ಪದ ಹತ್ತಿರದ ನಮ್ಮ ಅಜ್ಜಿಮನೆಯ ತೋಟದಲ್ಲಿ ಮಳೆಗಾಲಕ್ಕೆ ಮೊದಲು ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ನೀಲಿ ಅದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು, ಆ ಸಿಂಪಡಣೆಯನ್ನು ಮಲೆನಾಡಿನ ತೋಟಗಳಿಗೆ ಪರಿಚಯಿಸಿದರು. ಅಡಿಕೆಗಾದರೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೀನಿಗಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. ಅಂದರೆ ನೂರು ಲೀಟರಿಗೆ ಹೆಚ್ಚೆಂದರೆ 80 ಮಿಲಿಗ್ರಾಂ ಮೈಲುತುತ್ತ, ತೋಟದ ಲೆಕ್ಕದ ಹನ್ನೆರಡು ಸಾವಿರದಲ್ಲೊಂದು ಪಾಲು! ಅದಕ್ಕಿಂತ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ. ಸಾಲದ್ದಕ್ಕೆ ಸಮುದ್ರದ ನೀರಿನಲ್ಲಿ ತಾಮ್ರ ನಿಲ್ಲುವುದಿಲ್ಲ, ಕಲ್ಲು, ಮರಳು ಹೀರಿಬಿಡುತ್ತವೆ. ದಿನಾ ಅಳೆಯಬೇಕು. ಸಿಗಡಿ, ಹವಳಗಳಿಗಂತೂ ಅದು ವಿಷ. ಆದ್ದರಿಂದ ತಾಮ್ರ ಹಾಕಬೇಕಾದರೆ ಮೀನನ್ನು ಬೇರೆ ಬರಿಯ ಗಾಜಿನ ತೊಟ್ಟಿಗೆ ಸಾಗಿಸಲೇಬೇಕು. ಕ್ವಾರಂಟೈನ್ ತೊಟ್ಟಿ ಎಂಬ ಪದ್ಧತಿಗೆ ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಇಲ್ಲೊಂದು ಪ್ರಶ್ನೆ. ತಾಮ್ರ ಹಾಕಿದ ಮರುದಿನವೇ ಯಾಕೆ ವಾಸಿಯಾಗುವುದಿಲ್ಲ? ಯಾಕೆ ಮೂರು ವಾರ?

ಕ್ರಿಪ್ಟೋಕೇರಿಯಾನ್ ಬದುಕು ನಾಲ್ಕು ಹಂತದ್ದು. ಮೀನಿನ ಚರ್ಮದ ಪದರದ ಒಳಗೇ 3ರಿಂದ 7 ದಿನ ಕೂತು ತಿನ್ನುತ್ತದೆ. ಆ ರವೆಯಂಥ ಚುಕ್ಕೆ ಅದೇ. ಒಳಗಿರುವ ಅದಕ್ಕೆ ಔಷಧಿ ತಾಗುವುದಿಲ್ಲ. ತಿಂದು ಕೊಬ್ಬಿದ ಮೇಲೆ, ಹೆಚ್ಚಾಗಿ ಕತ್ತಲೆಯಲ್ಲಿ, ಉದುರುತ್ತದೆ. ಕೆಲವು ಗಂಟೆ ತೆವಳಿ, ಗಾಜಿಗೋ ಕಲ್ಲಿಗೋ ಅಂಟಿಕೊಂಡು, ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಚಿಪ್ಪಿನೊಳಗಿರುವುದಕ್ಕೂ ಔಷಧಿ ತಾಗುವುದಿಲ್ಲ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಇನ್ನೂರರಷ್ಟು ಮರಿಗಳಾಗಿ ಒಡೆದು ಹೊರಬರುತ್ತದೆ. ಈ ಈಜುವ ಮರಿಗಳನ್ನು ಮಾತ್ರ ತಾಮ್ರ ಕೊಲ್ಲಬಲ್ಲದು. ಅವಕ್ಕೂ ಒಂದು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಸಮುದ್ರದಲ್ಲಿ ಇನ್ನೂರರಲ್ಲಿ ಹೆಚ್ಚಿನವಕ್ಕೆ ಮೀನು ಸಿಗುವುದೇ ಇಲ್ಲ, ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ನಮ್ಮ 250 ಲೀಟರಿನಲ್ಲಿ? ಹುಡುಕುವ ಕಷ್ಟವೇ ಇಲ್ಲ! ಸಮುದ್ರದಲ್ಲಿ ಸಣ್ಣ ಕಿರಿಕಿರಿಯಾಗಿದ್ದದ್ದನ್ನು ಮಾರಿಯಾಗಿ ಮಾಡಿದ್ದು ನಾವು ಕಟ್ಟಿದ ಗಾಜಿನ ಗೋಡೆ.

ಹಾಗಾದರೆ ಚಿಕಿತ್ಸೆ ಎಂದರೆ ಔಷಧಿಗಿಂತ ಹೆಚ್ಚಾಗಿ ಕಾಯುವುದು. ಎಷ್ಟು ದಿನ ಎಂಬುದು ಮೀನಿನ ಮುಖ ನೋಡಿದರೆ ತಿಳಿಯುವುದಿಲ್ಲ, ಚಿಪ್ಪಿನೊಳಗಿನ ಜೀವಿಯ ಲೆಕ್ಕದಿಂದ ತಿಳಿಯಬೇಕು. ಆ ಲೆಕ್ಕವನ್ನು ಬಹುಮಟ್ಟಿಗೆ ಕೊಟ್ಟವರು ಆಂಜೆಲೊ ಕೊಲೊರ್ನಿ, ಇಸ್ರೇಲಿನ ಎಯ್ಲಾತ್‌ನಲ್ಲಿ, ಕೆಂಪು ಸಮುದ್ರದ ದಡದಲ್ಲಿ. ಅವರ ಚಿಂತೆ ಮನೆ ಅಲಂಕಾರದ ಮೀನಿನದ್ದಲ್ಲ, ಊಟಕ್ಕೆ ಸಾಕುವ ಮೀನಿನದ್ದು. 1985ರಲ್ಲಿ ಅವರು ನೀರಿನ ಉಪ್ಪಿನಂಶ ಇಳಿಸಿ ಈ ರೋಗ ಹತೋಟಿಗೆ ತರುವ ಬಗೆ ತೋರಿಸಿದರು. 1987ರಲ್ಲಿ ಇನ್ನೂ ಸರಳವಾದದ್ದು. ಚಿಪ್ಪು ಒಡೆಯಲು ಕನಿಷ್ಠ ಮೂರು ದಿನ ಬೇಕಲ್ಲ? ಹಾಗಾದರೆ ಮೂರು ದಿನಕ್ಕೊಮ್ಮೆ ಮೀನನ್ನು ಹೊಸ ನೀರಿನ ಶುದ್ಧ ತೊಟ್ಟಿಗೆ ಸಾಗಿಸಿ, ನಾಲ್ಕು ಸಲ. ಉದುರಿದ ಚಿಪ್ಪುಗಳು ಹಿಂದಿನ ತೊಟ್ಟಿಯಲ್ಲೇ ಉಳಿಯುತ್ತವೆ, ಅದನ್ನು ತೊಳೆದು ಒಣಗಿಸಿಬಿಡಿ. ಒಂದು ಹನಿ ಔಷಧಿ ಬೇಡ! ಎಣಿಕೆ ಒಂದೇ ಸಾಕು. (ಇದು ಬಿಳಿಚುಕ್ಕೆಗೆ ಮಾತ್ರ. ವೆಲ್ವೆಟ್ಟಿಗೆ ನಂಬಿ ಕೂರಬೇಡಿ.)

ಮೀನನ್ನೇನೋ ತೆಗೆದಾಯಿತು. ಆದರೆ ಹಳೆಯ ಟ್ಯಾಂಕಿನ ಕಲ್ಲು, ಮರಳಿಗೆ ಅಂಟಿರುವ ಚಿಪ್ಪುಗಳ ಗತಿ? 1997ರಲ್ಲಿ ಕೊಲೊರ್ನಿ ಮತ್ತು ಬರ್ಜೆಸ್ ಸೇರಿ ಬರೆದ ಲೇಖನದಲ್ಲಿ ಆ ಅಂಕಿ ಇದೆ. ಹೆಚ್ಚಿನ ಚಿಪ್ಪುಗಳು 4ರಿಂದ 8 ದಿನಕ್ಕೆ ಒಡೆಯುತ್ತವೆ, ಆದರೆ ಎಲ್ಲೋ ಒಂದು 72 ದಿನದವರೆಗೂ ಕಾಯಬಹುದು. ಮೀನು ಸಾಕುವವರು ಅದಕ್ಕೆ ನಾಲ್ಕು ದಿನ ಸೇರಿಸಿ 76 ಮಾಡಿಕೊಂಡಿದ್ದಾರೆ. ಅಷ್ಟು ದಿನ ಟ್ಯಾಂಕಿನಲ್ಲಿ ಒಂದೂ ಮೀನಿರಬಾರದು. ಹುಟ್ಟಿದ ಮರಿಗೆ ಮನೆ ಸಿಗದೆ ವಂಶ ಅಲ್ಲಿಗೆ ಮುಗಿಯಬೇಕು.

ಕ್ವಾರಂಟೈನ್ ಎಂಬ ಮಾತೇ ಎಣಿಕೆಯ ಮಾತು ಅನ್ನುವುದು 2020ರ ನಂತರ ಎಲ್ಲರಿಗೂ ಗೊತ್ತು. ಪ್ಲೇಗಿನ ಕಾಲದಲ್ಲಿ, 1377ರಲ್ಲಿ, ಇಂದಿನ ಕ್ರೊಯೇಷಿಯಾದ ರಾಗುಸಾ ಬಂದರು ಸೋಂಕಿದ ಊರಿನಿಂದ ಬಂದವರನ್ನು 30 ದಿನ ಹೊರಗಿಟ್ಟಿತು. ಅದು ಮುಂದೆ 40 ಆಯಿತು, ವೆನಿಸ್ ಭಾಷೆಯ ನಲವತ್ತರಿಂದ ಈ ಪದ ಬಂತು. ನಲವತ್ತೇ ಯಾಕೆ? ಅವರ ಧರ್ಮದಲ್ಲಿ ಅದು ಪವಿತ್ರ ಸಂಖ್ಯೆ, ನಮ್ಮಲ್ಲಿ ವ್ರತಕ್ಕೂ ಔಷಧಿಗೂ ಒಂದು ಮಂಡಲ ಅಂತ 48 ದಿನ ಹೇಳುವ ಹಾಗೆ. ರೋಗ ಯಾವುದರಿಂದ ಬರುತ್ತದೆ ಅಂತಲೇ ಗೊತ್ತಿಲ್ಲದವರು ನಂಬಿಕೆಯಿಂದ ಒಂದು ಸಂಖ್ಯೆ ಇಟ್ಟರು. ಮೀನಿನ 3, 7, 72 ಹಾಗೆ ಬಂದವಲ್ಲ. ಯಾರೋ ತೊಟ್ಟಿಯ ಮುಂದೆ ಕೂತು, ಒಂದೊಂದು ಚಿಪ್ಪನ್ನು ನೋಡಿ, ದಿನ ಗುರುತು ಹಾಕಿಕೊಂಡದ್ದು.

ಕಾಯದೆ ಮದ್ದಿಗೆ ಕೈಹಾಕಿದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೇ ಲೋಕದಿಂದ ಇದೆ. ಮಲೇರಿಯಾಕ್ಕೆಂದು 1934ರಲ್ಲಿ ತಯಾರಾದ ಕ್ಲೋರೋಕ್ವಿನ್ನನ್ನು ಮೀನಿನ ಈ ರೋಗಗಳಿಗೂ ಬಳಸುತ್ತಾರೆ. 2020ರ ಮಾರ್ಚಿನಲ್ಲಿ ಅಮೆರಿಕದ ಅರಿಝೋನಾದಲ್ಲಿ ಒಬ್ಬರು ಕೊರೊನಾ ಭಯಕ್ಕೆ, ಮೀನಿನ ತೊಟ್ಟಿಗೆಂದು ಮನೆಯಲ್ಲಿದ್ದ ಕ್ಲೋರೋಕ್ವಿನ್ ಫಾಸ್ಫೇಟ್ ನುಂಗಿ ಸತ್ತುಹೋದರು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಗುಂಡ ಇನ್ನೂ ಟಬ್ಬಿನಲ್ಲೇ ಇದ್ದ.

ಹೌದು, ಗುಂಡನ ಕಥೆಗೆ ಬರುತ್ತೇನೆ. ಜನವರಿ 18ಕ್ಕೆ ಅವನನ್ನು ಹಿತ್ತಿಲ ಬಾಲ್ಕನಿಯ ಪ್ಲಾಸ್ಟಿಕ್ ಟಬ್ಬಿಗೆ ತೆಗೆದೆ. ತಾಮ್ರ ಅಳೆಯುವ ಕಿಟ್ ಸಿಗಲಿಲ್ಲ, ಹಾಗಾಗಿ ಕೊಲೊರ್ನಿ ಹೇಳಿದ್ದೇ ದಾರಿ. ಎರಡು ಟಬ್, ಮೂರು ದಿನಕ್ಕೊಮ್ಮೆ ಅದಲು ಬದಲು, ನಾಲ್ಕು ಸಲ. ಹನ್ನೆರಡು ದಿನಕ್ಕೆ ಚುಕ್ಕೆ ಹೋಯಿತು. "ವಾಸಿ ಆಯ್ತಾ ಅಪ್ಪಾ?" ಅಂತ ಮಗಳು ಕೇಳಿದಳು. ಈ ಸಲ ನಾನು ಬಾಯಿ ಬಿಡಲಿಲ್ಲ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ದಿನಾ ಒಂದು ಪೆನ್ಸಿಲ್ ಗೀಟು ಹಾಕತೊಡಗಿದಳು. ದೊಡ್ಡ ಟ್ಯಾಂಕು ದೀಪ ಹಾಕಿಕೊಂಡು, ನೀರು ಸುತ್ತುತ್ತಾ, ಸಿಗಡಿ ಮತ್ತು ಹವಳಗಳನ್ನಷ್ಟೇ ಇಟ್ಟುಕೊಂಡು ಖಾಲಿ ನಿಂತಿತ್ತು. ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳುವುದು, ನಾನು ಮಾತು ಬದಲಿಸುವುದು.

ಆ ಖಾಲಿ ಟ್ಯಾಂಕು ನೋಡುವಾಗ ನನಗೆ ಅಜ್ಜಿ ನೆನಪಾಗುತ್ತಿದ್ದರು. ಅಜ್ಜಿಯ ತವರು ಕಡೂರಿನ ಕಡೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ವರ್ಷ ಬಂದು ಹೋಗುತ್ತಲೇ ಇತ್ತು. ಅಜ್ಜಿ ಹುಡುಗಿಯಾಗಿದ್ದಾಗಲೂ ಬಂದಿತ್ತಂತೆ. "ಮನೆಯೊಳಗೆ ಇಲಿ ಬಿತ್ತು ಅಂದ್ರೆ ಊರೇ ಖಾಲಿ ಕಣೋ. ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರೋದು. ಊರಲ್ಲಿ ದೀಪ ಇಲ್ಲ, ಒಲೆ ಇಲ್ಲ. ಯಾರಾದ್ರೂ ಒಬ್ರು ಮರೆತ ಪಾತ್ರೆ ತರ್ತೀನಿ ಅಂತ ನಡುವೆ ಒಳಗೆ ಹೋಗೋರು..." ಅಂತ ಹೇಳಿ ಸುಮ್ಮನಾಗುತ್ತಿದ್ದರು. ಆ ಪಾತ್ರೆ ತರಲು ಹೋದವರು ಯಾರು ಅಂತ ನಾವು ಯಾವತ್ತೂ ಕೇಳಲಿಲ್ಲ. ಕೇಳಬೇಕಿತ್ತು. ಎಯ್ಲಾತಿನ ಪ್ರಯೋಗಾಲಯಕ್ಕೆ ಎಷ್ಟೋ ಮೊದಲು, ರೋಗಕ್ಕೆ ಮನೆ ಖಾಲಿ ಬಿಡಬೇಕು, ನಡುವೆ ಹೋಗಬಾರದು ಅನ್ನುವುದು ಅವರಿಗೆ ಗೊತ್ತಿತ್ತು. ಅದನ್ನು ಕಲಿಯಲು ಅವರು ತೆತ್ತದ್ದು ಮೀನಲ್ಲ.

ಮಾರ್ಚ್ 25ಕ್ಕೆ ನಾವೂ ಬಾಗಿಲು ಹಾಕಿಕೊಂಡೆವು. ಮಗಳ ಗೀಟು 76 ಮುಟ್ಟಿದ್ದು ಏಪ್ರಿಲ್ 3ಕ್ಕೆ. ರಸ್ತೆಯಲ್ಲಿ ಒಂದು ವಾಹನದ ಸದ್ದಿಲ್ಲ. ಗುಂಡನನ್ನು ಲೋಟದಲ್ಲಿ ಹಿಡಿದು ತಂದು ಬಿಟ್ಟೆವು. ಅವನು ತನ್ನ ಹಳೇ ಮೂಲೆಗೆ ಹೋಗಿ ನಿಂತ. ಮಗಳು ಗಾಜಿಗೆ ಮೂಗು ಒತ್ತಿ ಕೇಳಿದಳು, "ನಿಜವಾಗ್ಲೂ ವಾಸಿ ಆಗಿದ್ಯಾ, ಇಲ್ಲ ಹಾಗೆ ಕಾಣ್ತಿದ್ಯಾ?"

"ನೋಡಿದ್ರೆ ಗೊತ್ತಾಗಲ್ಲ ಪುಟ್ಟಿ. ನೀನು ಎಣಿಸಿದ್ದೀಯಲ್ಲ, ಅದಕ್ಕೇ ಗೊತ್ತು" ಅಂದೆ.

ಗುಂಡ ಈಗಲೂ ಇದ್ದಾನೆ. ಆಮೇಲೆ ಬಂದ ಪ್ರತಿಯೊಂದು ಮೀನೂ ಬಾಲ್ಕನಿಯ ತೊಟ್ಟಿಯಲ್ಲಿ ಆರು ವಾರ ಕಳೆದೇ ಒಳಗೆ ಬಂದದ್ದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಲೆಕ್ಕ ನಡೆಯುತ್ತಲೇ ಇರುತ್ತದೆ.

ಅಂದ ಹಾಗೆ, ನಿಮ್ಮ ಮನೆಗಳಲ್ಲೂ ಊರು ಬಿಟ್ಟು ಗುಡಿಸಲಲ್ಲಿದ್ದ ಕಥೆ ಹೇಳುವ ಹಿರಿಯರು ಇದ್ದರೆ, ಎಷ್ಟು ದಿನ ಇದ್ದರು, ವಾಪಸ್ ಹೋಗಬಹುದು ಅಂತ ಹೇಗೆ ತೀರ್ಮಾನಿಸಿದರು ಅಂತ ಕೇಳಿ ಬರೆದಿಡಿ. ನಾನು ಕೇಳಬೇಕಾದಾಗ ಕೇಳಲಿಲ್ಲ.